ಕಣ್ಣೊಳಗಿನ ಎರಡನೆಯ ಬೆಳಕು

"ಮೂಗಿನ ನೆರಳು ತುಟಿಗೆ ತಾಗ್ತಿದೆ ನೋಡಿ, ಟೀಚರಮ್ಮ! ಹುಡುಗಿಗೆ ಮೀಸೆ ಬರಿಸ್ತಿದ್ದೀರಲ್ಲ!"

ಫೋಟೋ ಕ್ಲಾಸಿನ ಮಾಸ್ಟರ್ ಗದರಿದ ರಭಸಕ್ಕೆ ಸ್ಟೂಲಿನ ಮೇಲಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಟೀಚರಮ್ಮ ಸ್ಟ್ಯಾಂಡಿನ ತಿರುಪು ಸಡಿಲಿಸಿ, ಬಿಳಿ ಬಟ್ಟೆ ಬಿಗಿದ ದೊಡ್ಡ ಚೌಕದ ದೀಪವನ್ನು ಒಂದು ಗೇಣು ಕೆಳಗಿಳಿಸಿದರು. ನೆರಳು ತುಟಿ ಬಿಟ್ಟು ಮೇಲೆ ಸರಿಯಿತು. ಆಚೆ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಪುಟ್ಟ ತ್ರಿಕೋನವೊಂದು ಮೂಡಿತು.

"ಈಗ ಮುಖ ಆಯ್ತು. ಅಲ್ಲೀವರೆಗೂ ಬರೀ ಹಿಟ್ಟಿನ ಮುದ್ದೆ," ಎಂದರು ಮಾಸ್ಟರ್.

ಹಿಟ್ಟಿನ ಮುದ್ದೆ ಎನಿಸಿಕೊಂಡ ಹುಡುಗಿ ಮತ್ತೂ ನಗುತ್ತಲೇ ಇದ್ದಳು. ಸಣ್ಣ ಮೈಕಟ್ಟಿನ ಅವಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿದು, ಮಧ್ಯಾಹ್ನ ಇಲ್ಲಿ ಬಂದು ಕಲಿಯುವವರ ಮುಂದೆ ಬಿಟ್ಟಿ ಕೂರುತ್ತಿದ್ದಳು. ಒಂದು ದಿನ ದೊಡ್ಡ ರಸ್ತೆಯ ಜಾಹೀರಾತು ಫಲಕದಲ್ಲಿ ತನ್ನ ಮುಖ ಬರುತ್ತದೆಂದು ಅವಳಿಗೆ ಗ್ಯಾರಂಟಿ. ಹಾಗೆಂದು ಭರವಸೆ ಕೊಟ್ಟದ್ದು ಮಾಸ್ಟರ್. "ನಿನ್ನ ದವಡೆ ಚೆನ್ನಾಗಿದೆ, ಉಳಿದದ್ದನ್ನ ನಾವು ನೋಡ್ಕೋತೀವಿ," ಎಂದಿದ್ದರಂತೆ.

ಇದೇ ಮಾತನ್ನು ಅವರು ಇನ್ನೊಬ್ಬಳಿಗೂ ಹೇಳಿದ್ದರು. ಇದೇ ಸ್ಟೂಲಿನ ಮೇಲೆ ಕೂರುತ್ತಿದ್ದ ಆ ಪುಟ್ಟಿ ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು ಸತ್ತಳು. ಕಾಲು ಜಾರಿದ್ದೆಂದು ಪೊಲೀಸರು ಕೈ ತೊಳೆದುಕೊಂಡ ಮೇಲೆ, ಹೊಲಿಗೆ ಅಂಗಡಿ ನಡೆಸುವ ಅವಳ ಅಕ್ಕ ಟೀಚರಮ್ಮನ ಬಾಗಿಲು ಬಡಿದಿದ್ದಳು.

ಹೆಸರಿಗಷ್ಟೇ ಟೀಚರಮ್ಮ. ಜೀವಮಾನದಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ತಲೆ ನರೆಸಿಕೊಂಡು, ಈಗ ಖಾಸಗಿ ಪತ್ತೇದಾರಿಕೆ ಮಾಡುತ್ತಿದ್ದರು. ನಿವೃತ್ತ ಶಿಕ್ಷಕಿ, ಹೊತ್ತು ಹೋಗಲೆಂದು ಫೋಟೋಗ್ರಫಿ ಕಲಿಯಲು ಬಂದವಳು ಎಂದು ಹೇಳಿಕೊಂಡು ಈ ಸ್ಟುಡಿಯೋಕ್ಕೆ ಸೇರಿದ್ದರು. ಬೇಜಾರಿನ ಸಂಗತಿಯೆಂದರೆ, ಕಲಿಕೆ ಅವರಿಗೆ ನಿಜವಾಗಿಯೂ ಹಿಡಿಸಿಬಿಟ್ಟಿತ್ತು.

ಮಾಸ್ಟರ್ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವರು ಪರದೆ ನೋಡಿ, ಕನ್ನಡಿಯಲ್ಲೊಮ್ಮೆ ತಲೆ ಬಾಚಿಕೊಂಡರು.

"ಒಬ್ಬ ಪಾರ್ಟಿನ ನೋಡ್ಕೊಂಡು ಬರ್ತೀನಿ. ನೀವು ಅಭ್ಯಾಸ ಮಾಡ್ತಿರಿ. ಕೆಳಗಿನಿಂದ ರಿಫ್ಲೆಕ್ಟರ್ ಕೊಡಿ, ಗದ್ದದ ಕೆಳಗಿನ ಕಪ್ಪು ಹೋಗತ್ತೆ. ಬ್ಯಾಂಕಿನವರೇ, ನೀವು ಹಿಡ್ಕೊಳ್ಳಿ. ಅದರ ಸ್ಟ್ಯಾಂಡ್ ಮುರಿದು ವರ್ಷಗಳೇ ಆಯ್ತು."

ಬ್ಯಾಂಕಿನವರು ಟೀಚರಮ್ಮನ ಸಹಪಾಠಿ. ಬಿಳಿ ಅಂಗಿ, ಒಪ್ಪವಾಗಿ ತೆಗೆದ ಬೈತಲೆ, ಅಳೆದು ತೂಗಿ ಆಡುವ ಮಾತು. ಪುಟ್ಟಿ ಸತ್ತ ಮೇಲೆ ಸೇರಿದವರು. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡುವುದೇ ಅವರ ಅಭ್ಯಾಸ. ಒಂದು ದೀಪವನ್ನೂ ಮುಟ್ಟಿದವರಲ್ಲ. ಇವತ್ತು ವಿಧಿಯಿಲ್ಲದೆ ಆ ದುಂಡನೆಯ ಬೆಳ್ಳಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗಿಯ ಮುಂದೆ ಮೊಣಕಾಲೂರಿ ಬಗ್ಗಿದರು.

ಆಗಲೇ ಮಾಸ್ಟರ್ ಹೆಂಡತಿ ಪೌಡರ್ ಹಿಡಿದುಕೊಂಡು ಒಳಗೆ ಬಂದಳು. ಮೇಕಪ್ ಅವಳದೇ ಕೆಲಸ. ಕಲಿಯಲು ಬರುವವರೆಲ್ಲ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಬಾಗಿಲಲ್ಲಿ ಅವಳು ಗಕ್ಕನೆ ನಿಂತಳು. ಬ್ರಷ್ ಕೈಜಾರಿ ನೆಲಕ್ಕೆ ಬಿತ್ತು.

"ಏನಾಯ್ತು ಅತ್ತಿಗೆ?" ಎಂದಳು ಕಡ್ಡಿ.

"ಏನಿಲ್ಲ. ತಲೆ ಸುತ್ತಿದ ಹಾಗಾಯ್ತು."

ಬಿದ್ದ ಬ್ರಷ್ಷನ್ನು ಎತ್ತಿಕೊಳ್ಳದೆಯೇ ಅವಳು ಮೇಕಪ್ ಕೋಣೆಗೆ ಹೊರಟುಹೋದಳು.

ಟೀಚರಮ್ಮ ಅದನ್ನು ಗಮನಿಸಿದರು, ಆದರೆ ಕೈಯಲ್ಲಿ ಕ್ಯಾಮರಾ ಇತ್ತು. ಕ್ಲಿಕ್ಕಿಸಿದರು. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಕಡ್ಡಿಯ ಕಣ್ಣನ್ನು ನೋಡಿದರು. ಮಾಸ್ಟರ್ ಕಲಿಸಿದ ಮೊದಲ ಪಾಠವೇ ಅದು: ಯಾವುದೇ ಚಿತ್ರದಲ್ಲಿ ಬೆಳಕು ಎಲ್ಲಿತ್ತೆಂದು ತಿಳಿಯಬೇಕಾದರೆ ಕಣ್ಣುಗುಡ್ಡೆ ನೋಡಬೇಕು, ಎಲ್ಲ ದೀಪಗಳೂ ಅಲ್ಲಿ ಪ್ರತಿಫಲಿಸುತ್ತವೆ.

ಕಡ್ಡಿಯ ಕಣ್ಣಿನ ಮೇಲ್ಭಾಗದಲ್ಲಿ ಚೌಕದ ಬಿಳುಪು. ಅದು ದೀಪ. ಕೆಳಗಡೆ ದುಂಡನೆಯ ಮಸುಕು ಬಿಳುಪು. ಅದು ರಿಫ್ಲೆಕ್ಟರ್. ಆ ದುಂಡಿನ ಎಡಬಲ ಅಂಚುಗಳಲ್ಲಿ ಯಾರೋ ಕಚ್ಚಿ ತಿಂದಂತೆ ಎರಡು ಕಪ್ಪು ಗುರುತು.

"ಇದೇನಿದು ಕಪ್ಪು?" ಎಂದು ತಮಗೆ ತಾವೇ ಗೊಣಗಿಕೊಂಡರು. ತಲೆಯೆತ್ತಿದರೆ ಎದುರಿಗೇ ಉತ್ತರವಿತ್ತು. ಬ್ಯಾಂಕಿನವರ ಎರಡು ಕೈಗಳು ಹಾಳೆಯ ಅಂಚನ್ನು ಹಿಡಿದಿದ್ದವು.

ಇಂಥದೇ ಕಪ್ಪು ಗುರುತನ್ನು ಟೀಚರಮ್ಮ ಇನ್ನೊಂದು ಚಿತ್ರದಲ್ಲಿ ಕಂಡಿದ್ದರು.

"ಒಂದು ನಿಮಿಷ ಬಂದೆ," ಎಂದು ಕ್ಯಾಮರಾ ಕೆಳಗಿಟ್ಟು ಮುಂದಿನ ಕೋಣೆಗೆ ನಡೆದರು.

ಅಲ್ಲಿ, ಗಿರಾಕಿಗಳು ಕೂರುವ ಸೋಫಾದ ಮೇಲಿನ ಗೋಡೆಯಲ್ಲಿ, ಪುಟ್ಟಿಯ ಚಿತ್ರ ಆಳೆತ್ತರಕ್ಕೆ ತೂಗುತ್ತಿತ್ತು. ಸತ್ತ ದಿನವೇ ತೆಗೆದದ್ದು. ಅದನ್ನು ಮಾಸ್ಟರ್ ಇಳಿಸಿರಲಿಲ್ಲ. ಇನ್ನೂ ದೊಡ್ಡದು ಮಾಡಿಸಿ ಹಾಕಿದ್ದರು. ಚಿತ್ರ ನೋಡಿಯೇ ಎಷ್ಟೋ ಜನ ಕ್ಲಾಸಿಗೆ ಸೇರುತ್ತಿದ್ದರು.

ಟೀಚರಮ್ಮ ಸೋಫಾ ಹತ್ತಿ ನಿಂತು, ಕನ್ನಡಕ ಏರಿಸಿ, ಆ ಹುಡುಗಿಯ ಕಣ್ಣೊಳಗೆ ಇಣುಕಿದರು.

ಮೇಲೆ ಚೌಕದ ಬೆಳಕು. ಕೆಳಗೆ ದುಂಡನೆಯದು. ಅದರ ಅಂಚುಗಳಲ್ಲಿ ಎರಡು ಕಪ್ಪು ಕಚ್ಚು.

ಪೊಲೀಸರಿಗೂ, ಕೇಳಿದ ಎಲ್ಲರಿಗೂ ಮಾಸ್ಟರ್ ಕೊಟ್ಟ ಹೇಳಿಕೆ ಒಂದೇ: "ಆ ದಿನ ಸ್ಟುಡಿಯೋದಲ್ಲಿ ಇದ್ದದ್ದು ನಾನು, ಪುಟ್ಟಿ ಇಬ್ಬರೇ. ಚಿತ್ರ ತೆಗೆದೆ, ಕಂಪ್ಯೂಟರ್ ಮುಂದೆ ಕೂತೆ, ಅವಳು ಹೊರಟಳು. ಹಿಂದಿನ ಬಾಗಿಲಿಗೆ ಯಾಕೆ ಹೋದಳೋ ನನಗೇನು ಗೊತ್ತು?"

ಮಾಸ್ಟರ್ ಕೈಯಲ್ಲಿ ಕ್ಯಾಮರಾ. ಹುಡುಗಿ ಸ್ಟೂಲಿನ ಮೇಲೆ. ಹಾಗಾದರೆ ರಿಫ್ಲೆಕ್ಟರ್ ಹಿಡಿದ ಕೈ ಯಾರದು?

ಟೀಚರಮ್ಮ ಸೋಫಾದಿಂದ ಇಳಿದರು. ಮನಸ್ಸು ಸೀದಾ ಮೇಕಪ್ ಕೋಣೆಗೆ ಓಡಿತು. ಅಕ್ಕ ಮೊದಲ ದಿನವೇ ಕಿವಿಯಲ್ಲಿ ಹಾಕಿದ್ದಳು: "ಆ ಮೇಕಪ್ಪಿನವಳ ಮೇಲೆ ಒಂದು ಕಣ್ಣಿಡಿ. ನನ್ನ ತಂಗೀನ ಕಂಡ್ರೆ ಅವಳಿಗೆ ಮೈಯೆಲ್ಲ ಉರೀತಿತ್ತು."

* * *

ಮೇಕಪ್ ಕೋಣೆಯೆಂದರೆ ಸ್ಟುಡಿಯೋದ ಒಂದು ಮೂಲೆಗೆ ಪ್ಲೈವುಡ್ ಹೊಡೆದು ಮಾಡಿದ ಗೂಡು. ಅತ್ತಿಗೆ ಬಲ್ಬುಗಳ ಸಾಲಿನ ಮಧ್ಯದ ಕನ್ನಡಿಗೆ ಮುಖ ಮಾಡಿ ಕೂತಿದ್ದಳು.

ಟೀಚರಮ್ಮ ಬಾಗಿಲು ಮುಚ್ಚಿದರು.

"ಪುಟ್ಟಿ ಸತ್ತ ದಿನ ರಿಫ್ಲೆಕ್ಟರ್ ಹಿಡಿದಿದ್ದು ನೀವಲ್ವಾ?"

ಅತ್ತಿಗೆ ಕನ್ನಡಿಯಲ್ಲೇ ಅವರನ್ನು ನೋಡಿದಳು. ಗಾಬರಿಯಾಗಲಿಲ್ಲ.

"ಅಂತೂ ಬಾಯಿಬಿಟ್ರಿ. ನೀವು ಟೀಚರ್ ಅಲ್ಲ ಅಂತ ನನಗೆ ಬಂದ ದಿನಾನೇ ಗೊತ್ತಾಯ್ತು."

"ಹೇಗೆ?"

"ಟೀಚರುಗಳು ಪ್ರಶ್ನೆ ಕೇಳಿ ಉತ್ತರಾನೂ ತಾವೇ ಹೇಳ್ತಾರೆ. ನೀವು ಪ್ರಶ್ನೆ ಕೇಳಿ ಸುಮ್ನೆ ಕೂರ್ತೀರಿ."

"ಈಗಲೂ ಸುಮ್ನೆ ಕೂರ್ತೀನಿ. ಹೇಳಿ."

"ನಾನು ಹಿಡಿದಿರಲಿಲ್ಲ."

"ಈ ಸ್ಟುಡಿಯೋದಲ್ಲಿ ಅದನ್ನ ಯಾವಾಗಲೂ ಹಿಡಿಯೋದು ನೀವೇ ಅಂತ ಎಲ್ಲರೂ ಹೇಳ್ತಾರೆ."

"ಯಾವಾಗಲೂ ನಾನೇ." ಅತ್ತಿಗೆ ಹುಳ್ಳಗೆ ನಕ್ಕಳು. "ಮೊದಲು ಸ್ಟೂಲಿನ ಮೇಲೆ ಕೂರ್ತಿದ್ದವಳೂ ನಾನೇ. ನಿಮಗೆ ಯಾರೂ ಹೇಳಿಲ್ವಾ? ಇವರಿಗೆ ಹೆಸರು ಬಂದಿದ್ದೇ ನನ್ನ ಮುಖದಿಂದ. ಆಗ ನನಗೂ ಹೇಳ್ತಿದ್ರು, ನಿನ್ನ ದವಡೆ ಚೆನ್ನಾಗಿದೆ ಅಂತ. ದವಡೆ ಇಳೀತು. ಎದ್ದು ಬ್ರಷ್ ಹಿಡಿದೆ. ಬೇರೆಯವರ ಮಕ್ಕಳ ಮುಖ ತಿದ್ದಿ ತಿದ್ದಿ ಗಂಡನ ಮುಂದೆ ಕೂರಿಸೋ ಕೆಲಸ ಯಾರಿಗೆ ಬೇಕು ಹೇಳಿ."

"ಅದಕ್ಕೇ ಪುಟ್ಟಿನ ಕಂಡ್ರೆ ಆಗ್ತಿರಲಿಲ್ವಾ?"

"ಯಾರು ಹೇಳಿದ್ದು ಹಾಗಂತ?" ಅತ್ತಿಗೆ ಗರ್ರನೆ ತಿರುಗಿ ಕೂತಳು. "ಅದು ಇನ್ನೂ ಮಗು ರೀ. ಮಸ್ಕಾರಾ ಹಚ್ಚುವಾಗ ಕಣ್ಣು ಪಿಳಿಪಿಳಿ ಮಾಡಿ ನನ್ನ ಕೈಯೆಲ್ಲ ಮಸಿ ಮಾಡೋದು. 'ಅತ್ತಿಗೆ, ನಾನು ದೊಡ್ಡವಳಾದ್ರೆ ನಿಮ್ಮನ್ನೇ ಮೇಕಪ್ಪಿಗೆ ಕರ್ಕೋತೀನಿ' ಅನ್ನೋದು. ಅದರ ಮೇಲೆ ಯಾರಿಗೆ ಕೋಪ ಬರತ್ತೆ?"

ಅವಳು ಮತ್ತೆ ಕನ್ನಡಿಯ ಕಡೆ ತಿರುಗಿದಳು.

"ಊರವರೆಲ್ಲ ಏನಂದ್ಕೊಂಡಿದ್ದಾರೆ ಗೊತ್ತಾ? ನನ್ನ ಗಂಡನ ಕಣ್ಣು ಸ್ಟೂಲಿನ ಮೇಲೆ ಕೂತವರ ಮೇಲೆ ಅಂತ. ನಾನೂ ಹಾಗೇ ಅಂದ್ಕೊಂಡು ವರ್ಷಗಟ್ಟಲೆ ಕಾವಲು ಕಾದೆ. ಇವರು ನೋಡ್ತಿದ್ದದ್ದು ಸ್ಟೂಲಿನ ಪಕ್ಕದಲ್ಲಿ ನಿಂತವಳನ್ನ."

"ಅಂದ್ರೆ?"

"ಆ ದಿನ ನಾನು ತವರಿಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದೆ. ಬಸ್ ತಪ್ಪಿತು, ವಾಪಸ್ ಬಂದೆ. ಒಳಗಡೆ ನಗು ಕೇಳಿಸ್ತು. ಪರದೆ ಸಂದಿಯಲ್ಲಿ ನೋಡಿದೆ. ಪುಟ್ಟಿ ಕೂತಿದ್ಲು. ಇನ್ನೊಬ್ಬಳು ರಿಫ್ಲೆಕ್ಟರ್ ಹಿಡಿದಿದ್ಲು. ಕುತ್ತಿಗೆಗೆ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು. ಪುಟ್ಟಿ ಗೌನು ಬೆನ್ನ ಕಡೆ ಸಡಿಲ ಇತ್ತು ಅಂತ ಪಿನ್ನು ಚುಚ್ಚಿದ್ಲು. ಆಮೇಲೆ ಇವರು ಹತ್ತಿರ ಬಂದು, ಅವಳ ಬಾಯಿಂದ ಒಂದೊಂದೇ ಪಿನ್ನು ತೆಗೆದ್ರು. ಅಷ್ಟು ನಿಧಾನಕ್ಕೆ, ಅಷ್ಟು ಜೋಪಾನವಾಗಿ. ನನ್ನ ಮುಖಕ್ಕೆ ಆ ಕೈ ತಾಗಿ ಎಷ್ಟು ಕಾಲ ಆಯ್ತೋ."

ಟೀಚರಮ್ಮನಿಗೆ ಬೇರೆ ಗುರುತು ಬೇಕಿರಲಿಲ್ಲ. ಹೊಲಿಗೆ ಅಂಗಡಿ, ಅಳತೆ ಟೇಪು, ಮಾತಿನ ನಡುವೆ ತುಟಿಯಿಂದ ಪಿನ್ನು ತೆಗೆಯುವ ರೀತಿ. ಪುಟ್ಟಿಯ ಅಕ್ಕ. "ಆ ಸ್ಟುಡಿಯೋದ ಮೆಟ್ಟಿಲು ಕೂಡ ನಾನು ತುಳಿದಿಲ್ಲ, ಅಮ್ಮಾ. ನಮಗೆ ಹಿಂದೆ ಮುಂದೆ ಯಾರೂ ಇಲ್ಲ. ಇದ್ದವಳು ಅವಳೊಬ್ಬಳೇ," ಎಂದು ಅದೇ ಅಂಗಡಿಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದ ಹೆಂಗಸು.

"ಅವಳೇ ಕಳಿಸಿದ್ದು ತಾನೆ ನಿಮ್ಮನ್ನ?" ಎಂದಳು ಅತ್ತಿಗೆ. "ಯಾರ ಮೇಲೆ ಬಿಟ್ಟಿದ್ದಾಳೆ ಅಂದ್ಕೊಂಡಿದ್ದೀರಿ? ಇವರ ಮೇಲಾ? ನನ್ನ ಮೇಲೆ ಕಣ್ರೀ. ನಾನು ಜೈಲಿಗೆ ಹೋದ್ರೆ ಇಬ್ಬರಿಗೂ ದಾರಿ ಸಲೀಸು."

ಮಾತಿನಲ್ಲಿ ಹುರುಳಿತ್ತು. ಇಷ್ಟು ದಿನ ತಾವು ಹುಡುಕಿದ ಸುಳಿವುಗಳಲ್ಲಿ ಎಷ್ಟನ್ನು ಅಕ್ಕನೇ ದಾರಿಯಲ್ಲಿ ಚೆಲ್ಲಿದ್ದಳೋ ಎಂದು ಟೀಚರಮ್ಮನಿಗೆ ಅನಿಸಿತು.

ಆದರೆ ಈ ಹೆಂಗಸು ಎಲ್ಲವನ್ನೂ ಹೇಳಿ ಮುಗಿಸಿರಲಿಲ್ಲ. ಕೈಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಂಡುತ್ತಿದ್ದವು.

"ನೋಡಿದಿರಿ. ಆಮೇಲೇನು ಮಾಡಿದಿರಿ?"

ಅತ್ತಿಗೆ ಪೌಡರ್ ಡಬ್ಬಿಯ ಮುಚ್ಚಳ ಹಾಕಿದಳು.

"ಪೊಲೀಸರ ಹತ್ರ ಯಾಕೆ ಹೋಗಲಿಲ್ಲ ನೀವು? ಅಕ್ಕ ಅಲ್ಲಿದ್ಲು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಗಂಡನೂ ಸಿಕ್ಕಿಬೀಳ್ತಿದ್ದ, ಅವಳೂ ಸಿಕ್ಕಿಬೀಳ್ತಿದ್ಲು. ಹೇಳಲಿಲ್ಲ. ಯಾಕೆ?"

"ಯಾಕಂದ್ರೆ ಲೈಟ್ ಆರಿಸಿದ್ದು ನಾನು."

ಪಕ್ಕದ ಸ್ಟುಡಿಯೋದಲ್ಲಿ ಕಡ್ಡಿ ಏನೋ ಹಾಡು ಗುನುಗುತ್ತಿದ್ದದ್ದು ಹಲಗೆ ದಾಟಿ ಕೇಳುತ್ತಿತ್ತು.

"ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯ್ತು. ಒಳಗೆ ನುಗ್ಗಿ ಜಗಳ ಆಡೋಕೆ ಧೈರ್ಯ ಬರಲಿಲ್ಲ. ಪ್ಯಾಸೇಜಿನಲ್ಲಿರೋ ಮೇನ್ ಸ್ವಿಚ್ ಎಳೆದೆ. ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದಿರೋ ಕೋಣೆ ರೀ ಅದು. ಹಾಡುಹಗಲಲ್ಲೇ ಗವ್ವೆನ್ನೋ ಕತ್ತಲು. ಸ್ವಲ್ಪ ಹೊತ್ತು ಪರದಾಡಲಿ ಅಂತ ಅಷ್ಟೇ. ಅಷ್ಟೇ ನನ್ನ ಮನಸ್ಸಲ್ಲಿದ್ದದ್ದು. ಚಿಕ್ಕ ಮಕ್ಕಳು ಮಾಡೋ ಕೆಲಸ."

"ಆಮೇಲೆ?"

"ಪುಟ್ಟಿ 'ಅಕ್ಕಾ' ಅಂತ ಕೂಗಿದ್ಲು. ಏನೋ ಉರುಳಿಬಿತ್ತು. ಯಾರೋ ಓಡಾಡಿದ್ರು. ಹಿಂದಿನ ಬಾಗಿಲಿನ ಚಿಲಕ ತೆಗೆದ ಸದ್ದು. ಆ ಪಾಪದ್ದು ಬೆಳಕು ಹುಡುಕ್ಕೊಂಡು ತಾನೇ ಹೋಯ್ತೋ, ಯಾರಾದ್ರೂ ಎಳ್ಕೊಂಡು ಹೋದ್ರೋ! ನಾನು ಸ್ವಿಚ್ ಆರಿಸದೇ ಇದ್ದಿದ್ರೆ ಅದು ಆ ಬಾಗಿಲಿಗೆ ಹೋಗ್ತಿರಲಿಲ್ಲ. ಯಾರು ತಳ್ಳಿದ್ರೂ ನನ್ನ ಕೈ ಅದರಲ್ಲಿದೆ. ದಿನಾ ಬೆಳಿಗ್ಗೆ ಆ ಫೋಟೋ ಕೆಳಗೆ ಕಸ ಗುಡಿಸ್ತೀನಿ, ಗೊತ್ತಾ? ಇಳಿಸಿ ಅಂತ ಕೇಳೋಕೂ ಬಾಯಿ ಬರಲ್ಲ."

ಅವಳು ಅಳಲಿಲ್ಲ. ಕಣ್ಣು ಒಣಗಿತ್ತು. ಅಳುವವರನ್ನು ನೋಡುವುದಕ್ಕಿಂತ ಅದನ್ನು ನೋಡುವುದೇ ಕಷ್ಟವಾಗಿತ್ತು.

"ಇದನ್ನ ಇಷ್ಟು ದಿನ ಬಚ್ಚಿಟ್ಟವರು ಇವತ್ಯಾಕೆ ಹೇಳ್ತಿದ್ದೀರಿ?" ಟೀಚರಮ್ಮ ಮೆಲ್ಲಗೆ ಕೇಳಿದರು. "ನಾನು ಕೇಳಿದ್ದಕ್ಕಲ್ಲ. ನಾನು ಬರೋಕೆ ಮುಂಚೇನೇ ನಿಮ್ಮ ಕೈಯಿಂದ ಬ್ರಷ್ ಬಿದ್ದಿತ್ತು."

ಅತ್ತಿಗೆ ದನಿ ಇಳಿಸಿದಳು.

"ಆ ಕತ್ತಲಲ್ಲಿ ಒಂದು ಸಲ ಫ್ಲ್ಯಾಷ್ ಹೊಳೀತು. ಅದು ಬ್ಯಾಟರಿದು, ಕರೆಂಟ್ ಬೇಕಿಲ್ಲ. ಇವರ ಬೆರಳು ಗಾಬರೀಲಿ ಬಟನ್ ಮೇಲೆ ಬಿದ್ದಿರಬೇಕು. ಕಣ್ಣು ಮಿಟುಕಿಸೋಷ್ಟು ಹೊತ್ತು ಎಲ್ಲಾ ಕಾಣಿಸ್ತು."

"ಏನು ಕಾಣಿಸ್ತು?"

"ಮೂರು ಜನ ಇರಬೇಕಿತ್ತಲ್ವಾ? ನಾಲ್ಕು ಜನ ಇದ್ರು."

"ನಾಲ್ಕನೆಯವರು ಯಾರು?" ಎಂದರು ಟೀಚರಮ್ಮ.

"ಒಬ್ಬ ಗಂಡಸು. ಹಿಂದಿನ ಬಾಗಿಲ ಹತ್ರ, ನನ್ನ ಕಡೆ ಬೆನ್ನು ಮಾಡಿ ಬಗ್ಗಿ ನಿಂತಿದ್ದ. ಬಿಳೀ ಅಂಗಿ. ಒಂದು ಭುಜ ಇನ್ನೊಂದಕ್ಕಿಂತ ಇಳಿಜಾರು. ಮುಖ ನೋಡಲಿಲ್ಲ. ನಾನು ಓಡಿಬಿಟ್ಟೆ. ಕನಸಿರಬೇಕು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ, ಇವತ್ತಿನವರೆಗೂ. ಇವತ್ತು ಆ ಬೆನ್ನನ್ನ ಮತ್ತೆ ನೋಡಿದೆ."

"ಎಲ್ಲಿ?"

"ಇಲ್ಲೇ. ಕಡ್ಡಿ ಮುಂದೆ ಬಗ್ಗಿತ್ತಲ್ಲ."

* * *

ಟೀಚರಮ್ಮ ಬಾಗಿಲು ತಳ್ಳಿ ಸ್ಟುಡಿಯೋಕ್ಕೆ ಬಂದಾಗ ಕಡ್ಡಿ ಒಬ್ಬಳೇ ಕೂತಿದ್ದಳು. ದೀಪ ಅವರು ನಿಲ್ಲಿಸಿದ್ದ ಕಡೆಯೇ ಇತ್ತು. ಬೆಳ್ಳಿ ಹಾಳೆ ನೆಲದ ಮೇಲೆ ಬಿದ್ದು ಚಾವಣಿಗೆ ಬೆಳಕು ಚೆಲ್ಲುತ್ತಿತ್ತು. ಹುಡುಗಿ ಅಲ್ಲಾಡದೆ, ಗದ್ದ ಎತ್ತಿಕೊಂಡು, ಹೇಳಿಕೊಟ್ಟ ಭಂಗಿಯಲ್ಲೇ ಇದ್ದಳು.

"ಟೀಚರಮ್ಮ, ಕತ್ತು ನೋಯ್ತಿದೆ. ಇಳಿಸಲಾ?"

"ಇಳಿಸಮ್ಮ. ಬ್ಯಾಂಕಿನವರು ಎಲ್ಲಿ?"

"ಹೋದ್ರು. ಈಗಲ್ಲ, ಆಗಲೇ. ನೀವಿಬ್ಬರೂ ಒಳಗೆ ಮಾತಾಡ್ತಿದ್ರಲ್ಲ, ಈ ಹಲಗೆಗೆ ಕಿವಿ ಕೊಟ್ಟು ನಿಂತಿದ್ರು. ತಪ್ಪಲ್ವಾ ಸಾರ್ ಅಂದೆ. ಕೇಳಿಸ್ಕೊಳ್ಳಲೇ ಇಲ್ಲ. ಮುಖ ಎಲ್ಲಾ ಒಂಥರಾ ಆಗಿಬಿಟ್ಟಿತ್ತು. ಪಿನ್ನು ಅದೂ ಇದೂ ಅಂತ ಅತ್ತಿಗೆ ಏನೋ ಹೇಳಿದ್ರಲ್ಲ, ಅಷ್ಟೊತ್ತಿಗೆ ಹಾಳೆ ಕೆಳಗೆ ಹಾಕಿ ಹೊರಟೇಬಿಟ್ರು."

"ಎಲ್ಲಿಗೆ ಅಂತ ಹೇಳಿದ್ರಾ?"

"ಮನೆಗೆ ಅಂದ್ರು. ನಿಮ್ಮ ಮಾಸ್ಟರ್ ಯಾವ ಪಾರ್ಟಿನ ನೋಡೋಕೆ ಹೋಗಿದ್ದಾರೆ ಅಂತ ಈಗ ಗೊತ್ತಾಯ್ತು ಅಂದ್ರು."

"ಯಾರ ಮನೆಗೆ, ಕಡ್ಡಿ?"

"ಅವರ ಮನೆಗೇ." ಹುಡುಗಿ ತುಟಿ ಕಚ್ಚಿಕೊಂಡಳು. "ಕ್ಲಾಸಲ್ಲಿ ಯಾರಿಗೂ ಹೇಳಬೇಡ ಅಂದಿದ್ರು. ಸತ್ತವರ ಮನೆಯವರು ಅಂತ ಗೊತ್ತಾದ್ರೆ ಎಲ್ಲರೂ ಅಯ್ಯೋ ಪಾಪ ಅಂತಾರೆ, ಅದು ಬೇಡ ಅಂತ. ನಾನು ಒಂದೇ ಒಂದು ಸಲ ಪುಟ್ಟಿ ಜೊತೆ ಅವರ ಮನೆಗೆ ಹೋಗಿದ್ದೆ, ಅದಕ್ಕೇ ಗೊತ್ತು. ಅವರು ಪುಟ್ಟಿ ಭಾವ, ಟೀಚರಮ್ಮ. ಅಕ್ಕನ ಗಂಡ."

ಹಿಂದೆ ಮುಂದೆ ಯಾರೂ ಇಲ್ಲ ಎಂದಿದ್ದಳು ಅಕ್ಕ.

ಟೀಚರಮ್ಮ ಫೋನ್ ತೆಗೆದರು. ಬಾಗಿಲಿಗೆ ಬಂದು ನಿಂತ ಅತ್ತಿಗೆ ಕೇಳಬಾರದೆಂದು ಬೆನ್ನು ತಿರುಗಿಸಿದರು. ಅಕ್ಕನ ಫೋನು ತುಂಬ ಹೊತ್ತು ರಿಂಗಾಯಿತು. ಕೊನೆಗೆ ಯಾರೋ ಎತ್ತಿಕೊಂಡರು.

"ಹಲೋ, ಹೇಳಿ. ಅವರು ಒಳಗಿದ್ದಾರೆ." ಗಂಡಸಿನ ದನಿ. ಇವತ್ತು ಮಧ್ಯಾಹ್ನ ಮೂಗಿನ ನೆರಳಿಗೆ ಗದರಿದ್ದ ಅದೇ ದನಿ.

"ಮಾಸ್ಟರ್, ನಾನು. ನಾನು ಹೇಳಿದಷ್ಟು ಕೇಳಿ. ತಕ್ಷಣ ಅಲ್ಲಿಂದ—"

"ಯಾರು? ಟೀಚರಮ್ಮನಾ?" ದನಿಯಲ್ಲಿ ದಿಗಿಲು. "ಈ ನಂಬರ್ ನಿಮ್ಮ ಹತ್ರ ಹೇಗೆ?"

ಅವರ ಹಿಂದೆ ಎಲ್ಲೋ ಕರೆಗಂಟೆ ಮೊಳಗಿತು. ಬೆರಳು ಎತ್ತದೆ ಒತ್ತಿ ಹಿಡಿದಂತೆ, ಬಿಡದೆ ಮೊಳಗುತ್ತಲೇ ಇತ್ತು.

"ಬಾಗಿಲು ತೆಗೀಬೇಡಿ! ಮಾಸ್ಟರ್, ಕೇಳಿಸ್ತಿದೆಯಾ? ಯಾರೇ ಬಂದಿದ್ರೂ ತೆಗೀಬೇಡಿ!"

ಆ ಕಡೆಯಿಂದ ಉತ್ತರ ಬರುವ ಮೊದಲೇ ಅಕ್ಕನ ದನಿ ದೂರದಿಂದ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ಆತಂಕವಿರಲಿಲ್ಲ, ಅವಸರವಿರಲಿಲ್ಲ. ಬರುವವನು ಯಾರೆಂದು ತಿಳಿದೇ ಕಾದಿದ್ದವಳ ದನಿ ಅದು.

"ನೀವು ಕೂತಿರಿ. ನಾನೇ ತೆಗೀತೀನಿ."